ಮುಳ್ಳು ಏರಿತು, ಗಾಡಿ ಏರಲಿಲ್ಲ

ಇಳಕಲ್ ಸುತ್ತಲಿನ ಗ್ರಾನೈಟ್ ಕ್ವಾರಿಗಳಲ್ಲಿ ಲಾರಿಯ ತಾಕತ್ತು ಗೊತ್ತಾಗುವ ಜಾಗವೆಂದರೆ ಕ್ವಾರಿಯ ತಳದಿಂದ ಮೇಲೆ ಬರುವ ಏರು. ಅಲ್ಲಿ ಡಾಂಬರಿಲ್ಲ. ಒಡೆದ ಕಲ್ಲಿನ ಚೂರು, ಅದರ ಮೇಲೆ ಧೂಳು. ಬೆನ್ನ ಮೇಲೆ ಇಪ್ಪತ್ತು ಟನ್ ದಾಟಿದ ಕಲ್ಲಿನ ಬ್ಲಾಕ್ ಹೊತ್ತ ಗಾಡಿಯನ್ನು ಚಾಲಕ ಮೊದಲ ಗೇರಿಗೆ ಹಾಕಿ ಎಬ್ಬಿಸುತ್ತಾನೆ. ಎಂಜಿನ್ ಸದ್ದು ಏರುತ್ತದೆ. ಆರ್‌ಪಿಎಂ ಮೀಟರಿನ ಮುಳ್ಳು ಹಸಿರು ಪಟ್ಟಿ ದಾಟಿ ಹೋಗುತ್ತದೆ. ಗಾಡಿ ಮಾತ್ರ ಅದಕ್ಕೆ ತಕ್ಕ ಹಾಗೆ ಮುಂದೆ ಸರಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಕ್ಯಾಬಿನ್ನಿನೊಳಗೆ ಸುಟ್ಟ ವಾಸನೆ. ‘ಗಾಡಿ ಜಗ್ಗವಲ್ದು ಮೇಸ್ತ್ರಿ’ ಎಂದು ಚಾಲಕ ಫೋನು ಹಚ್ಚುತ್ತಾನೆ. ಮೇಸ್ತ್ರಿ ಬರುವುದರೊಳಗೆ ಮಾಲೀಕರ ತೀರ್ಪು ಬಂದಿರುತ್ತದೆ: ‘ಹಾಫ್ ಕ್ಲಚ್‌ನ್ಯಾಗ ಓಡಿಸಿ ಪ್ಲೇಟ್ ಸುಟ್ಟಾನ.’

ಈ ಎರಡು ಮಾತುಗಳ ನಡುವೆ ಒಂದು ತಾಸಿನ ತಪಾಸಣೆ ನಡೆಯಬೇಕು. ಬಹಳ ಕಡೆ ಅದು ನಡೆಯುವುದೇ ಇಲ್ಲ. ಗಾಡಿ ಗ್ಯಾರೇಜಿಗೆ ಬರುತ್ತದೆ, ಗೇರ್‌ಬಾಕ್ಸ್ ಇಳಿಯುತ್ತದೆ, ಹೊಸ ಪ್ಲೇಟ್ ಕೂರುತ್ತದೆ, ಬಿಲ್ಲಿನ ಒಂದು ಪಾಲು ಚಾಲಕನ ಪಗಾರಿನಲ್ಲಿ ಮುರಿಯುತ್ತದೆ. ಕೆಲವು ತಿಂಗಳಿಗೆ ಅದೇ ಗಾಡಿ, ಅದೇ ವಾಸನೆ, ಅದೇ ಬೈಗುಳ. ಗಾಡಿ ಏಕೆ ಜಾರಿತು ಎಂಬ ಪ್ರಶ್ನೆಗೆ ಉತ್ತರ ಸಿಗದೇ ಇದ್ದಾಗ ಆಗುವುದೇ ಹೀಗೆ.

ಮರೋಳ, ಧನ್ನೂರು, ಕೂಡಲಸಂಗಮ ಕ್ರಾಸ್, ಹುನಗುಂದ, ಇಳಕಲ್, ಆಚೆಗೆ ಕುಷ್ಟಗಿ. ಈ ಭಾಗದ ಮಂದಿಗೆ ಹೆದ್ದಾರಿ ಅಂದರೆ ಸೊಲ್ಲಾಪುರ–ಚಿತ್ರದುರ್ಗದ ದಾರಿ. ಮೊದಲು ಅದರ ನಂಬರು 13, ಈ ಭಾಗದಲ್ಲಿ ಈಗ 50. ರಾಮಥಾಳ (ಮರೋಳ) ಏತ ನೀರಾವರಿಯ ಹನಿ ನೀರಿನ ಯೋಜನೆ 24 ಸಾವಿರ ಹೆಕ್ಟೇರಿನ ಲೆಕ್ಕದಲ್ಲಿ ಬರುವ ಮುನ್ನ ಹುನಗುಂದ ಸೀಮೆಯ ಎರೆಹೊಲ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು, ಇಲ್ಲವೇ ಲಾರಿ ಹತ್ತುವುದು. ಕ್ಲೀನರ್ ಆಗಿ ಹತ್ತಿದ ಹುಡುಗ ನಾಲ್ಕಾರು ವರ್ಷಕ್ಕೆ ಸ್ಟೇರಿಂಗ್ ಹಿಡಿಯುತ್ತಾನೆ. ಹಾಗಾಗಿ ಇಲ್ಲಿ ಕ್ಲಚ್ ಪ್ಲೇಟಿನ ಬಿಲ್ಲು ಒಂದು ಮನೆಯ ಸಂತೆಯ ದುಡ್ಡಿನ ವಿಷಯವೂ ಹೌದು. ತಪಾಸಣೆ ಸರಿಯಾಗಿ ನಡೆಯಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ‘ಲೋಡ್ ಜಾಸ್ತಿ ಆತು, ಅದಕ್ಕ ಕ್ಲಚ್ ಹೊಡೀತು’ ಎನ್ನುತ್ತಾರೆ. ಅರ್ಧ ಮಾತ್ರ ನಿಜ. ಎಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲ್, ಅದಕ್ಕೆ ಬೋಲ್ಟ್ ಮಾಡಿದ ಪ್ರೆಶರ್ ಪ್ಲೇಟ್, ಇವೆರಡರ ನಡುವೆ ಬಿಗಿಯಾಗಿ ಸಿಕ್ಕಿಕೊಂಡ ಕ್ಲಚ್ ಪ್ಲೇಟ್. ಇಂದಿನ ದೊಡ್ಡ ಲಾರಿಗಳಲ್ಲಿ ಆ ಪ್ಲೇಟಿನ ಅಡ್ಡಳತೆ 395 ಅಥವಾ 430 ಮಿಲಿಮೀಟರ್. ಎಂಜಿನ್ ಎಷ್ಟೇ ಒದ್ದಾಡಿದರೂ ಹೊರಡಿಸುವ ತಿರುಗುಬಲಕ್ಕೆ, ಅಂದರೆ ಟಾರ್ಕಿಗೆ, ಒಂದು ಮಿತಿ ಇದೆ. 6.7 ಲೀಟರಿನ ಕಮಿನ್ಸ್ ಎಂಜಿನ್ ಇರುವ 300 ಅಶ್ವಶಕ್ತಿಯ ಟ್ರೇಲರ್ ಗಾಡಿಯಲ್ಲಿ ಅದು 1,100 ನ್ಯೂಟನ್ ಮೀಟರ್. ಕ್ಲಚ್ಚನ್ನು ಅದಕ್ಕಿಂತ ಸಾಕಷ್ಟು ಹೆಚ್ಚು ಹಿಡಿಯುವ ಹಾಗೆ ಕಟ್ಟಿರುತ್ತಾರೆ. ಆದ್ದರಿಂದ ಪೆಡಲ್ ಪೂರ್ತಿ ಬಿಟ್ಟಾಗ, ಆರೋಗ್ಯವಂತ ಕ್ಲಚ್ ಎಂಥ ಭಾರಕ್ಕೂ ಜಾರಬಾರದು. ಭಾರ ಮೀರಿದರೆ ಎಂಜಿನ್ನೇ ಉಸಿರುಗಟ್ಟಿ ನಿಲ್ಲಬೇಕು. ಪೆಡಲ್ ಬಿಟ್ಟು ಓಡುವಾಗಲೂ ಜಾರುತ್ತಿದೆಯೆಂದರೆ ಒಳಗೆ ಏನೋ ಸವೆದಿದೆ, ಎಣ್ಣೆ ಕುಡಿದಿದೆ, ಬಲ ಕಳೆದುಕೊಂಡಿದೆ, ಅಥವಾ ಯಾವುದೋ ಒಂದು ಭಾಗ ಪ್ಲೇಟನ್ನು ಪೂರ್ತಿ ಒತ್ತಲು ಬಿಡುತ್ತಿಲ್ಲ.

ಹಾಗಾದರೆ ಅತಿಭಾರದ ಪಾಲು ಎಲ್ಲಿ? ಗಾಡಿ ಎಬ್ಬಿಸುವ ಆ ಕೆಲವು ಸೆಕೆಂಡುಗಳಲ್ಲಿ. ನಿಂತ ಗಾಡಿಯನ್ನು ಎಬ್ಬಿಸುವಾಗ ಎಂಜಿನ್ ತಿರುಗುತ್ತಿರುತ್ತದೆ, ಗೇರ್‌ಬಾಕ್ಸ್ ನಿಂತಿರುತ್ತದೆ. ಇವೆರಡೂ ಒಂದೇ ವೇಗಕ್ಕೆ ಬರುವವರೆಗೆ ಪ್ಲೇಟ್ ಉಜ್ಜಿಕೊಂಡೇ ತಿರುಗಬೇಕು. ಉಜ್ಜಿದ್ದೆಲ್ಲ ಶಾಖ. 800 ನ್ಯೂಟನ್ ಮೀಟರ್ ಬಲದಲ್ಲಿ ಬರೀ 200 ಆರ್‌ಪಿಎಂ ಜಾರಿದರೂ ಹುಟ್ಟುವ ಶಾಖ ಸುಮಾರು 17 ಕಿಲೋವಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಒಂದು ಕಿಲೋವಾಟಿನ ಕಾಯಿಲ್ ಹದಿನೇಳು ಒಟ್ಟಿಗೆ ಹಚ್ಚಿ ಆ ಮುಚ್ಚಿದ ಹೌಸಿಂಗಿನೊಳಗೆ ಇಟ್ಟಂತೆ. ಭಾರ ಹೆಚ್ಚಿದಷ್ಟೂ ಈ ಉಜ್ಜಾಟದ ಹೊತ್ತು ಹೆಚ್ಚು. ಮೊದಲ ಗೇರ್ ಬಿಟ್ಟು ಮೇಲಿನ ಗೇರಿನಲ್ಲಿ ಎಬ್ಬಿಸುವ ಚಟ ಇದ್ದರೆ ಇನ್ನೂ ಕೆಟ್ಟದ್ದು. ಪ್ಲೇಟ್ ಪೂರ್ತಿ ಹಿಡಿಯುವ ಹೊತ್ತಿಗೆ ಗಾಡಿ ಎರಡು ಪಟ್ಟು ವೇಗಕ್ಕೆ ಬಂದಿರಬೇಕಾದರೆ, ಸಮತಟ್ಟಿನ ದಾರಿಯಲ್ಲೂ ಶಾಖ ನಾಲ್ಕು ಪಟ್ಟು. ಅದರ ಮೇಲೆ ಕ್ವಾರಿಯ ಏರು, ಏಪ್ರಿಲ್ ಬಿಸಿಲು. ಅತಿಭಾರ ಪ್ಲೇಟನ್ನು ಒಂದೇ ದಿನಕ್ಕೆ ಕೊಲ್ಲುವುದು ಕಡಿಮೆ, ಪ್ರತಿ ಸಲ ಗಾಡಿ ಎಬ್ಬಿಸುವಾಗಲೂ ಸ್ವಲ್ಪ ಸ್ವಲ್ಪ ತಿನ್ನುತ್ತ ಹೋಗುತ್ತದೆ. ಕೊನೆಯ ದಿನ ಸ್ಟೇರಿಂಗ್ ಹಿಡಿದಿದ್ದವನ ಮೇಲೆ ಎಲ್ಲ ದಿನಗಳ ಲೆಕ್ಕ ಬೀಳುತ್ತದೆ.

ಇನ್ನು ತಪಾಸಣೆ. ಸ್ಪ್ಯಾನರ್ ಮುಟ್ಟುವ ಮೊದಲು ಚಾಲಕನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಗಾಡಿ ಜಗ್ಗದಿದ್ದಾಗ ಮುಳ್ಳು ಏರುತ್ತಿತ್ತೋ, ಇಳಿಯುತ್ತಿತ್ತೋ? ಮುಳ್ಳು ಏರಿ ಗಾಡಿ ಏರದಿದ್ದರೆ ಜಾರಾಟ. ಮುಳ್ಳೇ ಏರದೆ ಎಂಜಿನ್ ಮಂಕಾದರೆ ಕ್ಲಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಆಗ ನೋಡಬೇಕಾದದ್ದು ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೊದ ಸೀಳಿದ ರಬ್ಬರ್ ಪೈಪ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಯೂರಿಯಾ ದ್ರಾವಣ ಮುಗಿದರೆ, ಕಲಬೆರಕೆಯಾದರೆ, ಕಂಪ್ಯೂಟರ್ ತಾನೇ ಎಂಜಿನ್ನಿನ ಬಲ ಇಳಿಸಿಬಿಡುತ್ತದೆ. ಹಿಡಿದುಕೊಂಡ ಬ್ರೇಕಿನಿಂದಲೂ ಗಾಡಿ ಜಗ್ಗದು. ಒಂದು ಹತ್ತು ಮೈಲಿ ಓಡಿಸಿ ಇಳಿದು ಡ್ರಮ್ಮುಗಳ ಹತ್ತಿರ ಕೈ ಹಿಡಿದರೆ ಯಾವ ಗಾಲಿಯ ಹತ್ತಿರ ಝಳ ಹೆಚ್ಚು ಎಂದು ತಿಳಿಯುತ್ತದೆ. ಇದನ್ನೆಲ್ಲ ನೋಡದೆ ಗೇರ್‌ಬಾಕ್ಸ್ ಇಳಿಸಿ, ಒಳಗಿನ ಪ್ಲೇಟ್ ಚೆನ್ನಾಗಿಯೇ ಇದ್ದರೂ, ‘ಹೆಂಗೂ ಇಳಿಸೇವಲ್ಲ, ಹೊಸಾದು ಹಾಕೋಣ’ ಎಂದು ಹಾಕಿಬಿಡುವುದುಂಟು. ಕಾಯಿಲೆ ಹಾಗೇ ಉಳಿಯುತ್ತದೆ.

ಮುಳ್ಳಿನ ಮಾತನ್ನು ಇನ್ನೂ ಖಚಿತ ಮಾಡಿಕೊಳ್ಳುವ ಒಂದು ದಾರಿ ಇದೆ. ಇದಕ್ಕೆ ಖರ್ಚಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ. ಕೈಗೇರಿನ ಗಾಡಿಯಲ್ಲಿ ಒಂದು ಗೇರಿನೊಳಗೆ ಎಂಜಿನ್ ವೇಗಕ್ಕೂ ಗಾಡಿಯ ವೇಗಕ್ಕೂ ಇರುವ ಲೆಕ್ಕ ಎಂದಿಗೂ ಬದಲಾಗುವುದಿಲ್ಲ. ಹಲ್ಲಿಗೆ ಹಲ್ಲು ಕೂತಿರುವಾಗ ಬದಲಾಗುವುದು ಸಾಧ್ಯವೂ ಇಲ್ಲ. ಖಾಲಿ ಗಾಡಿಯನ್ನು ಟಾಪ್ ಗೇರಿನಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ಓಡಿಸಿ ಮುಳ್ಳು ಎಲ್ಲಿ ನಿಂತಿದೆ ಎಂದು ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಗಾಡಿಯ ಸ್ಪೀಡೋಮೀಟರ್ ನಂಬುವ ಹಾಗಿಲ್ಲದಿದ್ದರೆ ಫೋನಿನ ಜಿಪಿಎಸ್ ಸಾಕು. ಲೋಡ್ ಹೊತ್ತು ಏರು ಹತ್ತುವಾಗ ಅದೇ ಗೇರು, ಅದೇ ವೇಗದಲ್ಲಿ ಮುಳ್ಳು ಬರೆದಿಟ್ಟ ಗುರುತಿಗಿಂತ ಮೇಲಿದ್ದರೆ, ಎಷ್ಟು ಮೇಲಿದೆಯೋ ಅಷ್ಟು ಜಾರುತ್ತಿದೆ. ವಾದಕ್ಕೆ ಜಾಗವೇ ಇಲ್ಲ. ವಾಸನೆ ಬರುವ ಎಷ್ಟೋ ವಾರ ಮೊದಲೇ ಈ ಲೆಕ್ಕ ಸುಳಿವು ಕೊಡುತ್ತದೆ. ಜಾರಾಟ ಮೊದಲು ಕಾಣಿಸಿಕೊಳ್ಳುವುದೂ ಮೇಲಿನ ಗೇರುಗಳಲ್ಲೇ. ಕೆಳಗಿನ ಗೇರಿನಲ್ಲಿ ಹಲ್ಲುಗಳ ಲೆಕ್ಕವೇ ಗಾಡಿಯನ್ನು ಹಗುರ ಮಾಡಿಕೊಡುವುದರಿಂದ ಸೋತ ಕ್ಲಚ್ ಕೂಡ ದಬ್ಬಿಕೊಂಡು ಹೋಗುತ್ತದೆ. ‘ಫಸ್ಟ್, ಸೆಕೆಂಡ್‌ನ್ಯಾಗ ಛಲೋ ಹೋಕ್ಕೈತಿ, ಟಾಪ್‌ನ್ಯಾಗ ಏರಿಗೆ ಬಂದ್ರ ಅಷ್ಟ ಹಿಂಗ ಆಕ್ಕೈತಿ’ ಎಂದು ಚಾಲಕ ಹೇಳಿದರೆ ನೆಪ ಎಂದು ತಳ್ಳಿಹಾಕಬಾರದು. ಸೋಲುತ್ತಿರುವ ಕ್ಲಚ್ ಇರುವುದೇ ಹಾಗೆ.

ನಿಂತಲ್ಲೇ ಮಾಡುವ ಪರೀಕ್ಷೆ ಹಳೆಯ ಮೇಸ್ತ್ರಿಗಳಿಗೆಲ್ಲ ಗೊತ್ತು. ಗಾಡಿಯ ಮುಂದೆ ಯಾರೂ ಇಲ್ಲದ ಸಮತಟ್ಟಿನ ಜಾಗ. ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಮೇಲಿನ ಗೇರಿಗೆ ಹಾಕಿ, ಎಂಜಿನ್ನನ್ನು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿಟ್ಟು ಪೆಡಲನ್ನು ನಿಧಾನವಾಗಿ ಪೂರ್ತಿ ಬಿಡಬೇಕು. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಮೇಲೆ ಬಂದರೂ ಎಂಜಿನ್ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಮತ್ತೆ ಮತ್ತೆ ಮಾಡಬಾರದು. ಉಳಿದ ಪ್ಲೇಟೂ ಪರೀಕ್ಷೆಯಲ್ಲೇ ಸುಟ್ಟೀತು.

ಜಾರುತ್ತಿದೆ ಎಂದು ಖಾತ್ರಿಯಾದ ಮೇಲೆ ಎಲ್ಲರ ಕೈ ಗೇರ್‌ಬಾಕ್ಸಿನ ಬೋಲ್ಟಿಗೆ ಹೋಗುತ್ತದೆ. ಇಲ್ಲಿಯೇ ತಡೆಯಬೇಕು. ಪೆಡಲಿನಿಂದ ಕ್ಲಚ್ಚಿನವರೆಗಿನ ದಾರಿ ಇನ್ನೂ ನೋಡಿಲ್ಲ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಎಣ್ಣೆ ಬೂಸ್ಟರಿಗೆ ಹೋಗುತ್ತದೆ, ಬೂಸ್ಟರ್ ಗಾಡಿಯ ಹವಾ ಒತ್ತಡದ ಸಹಾಯದಿಂದ ಫೋರ್ಕನ್ನು ತಳ್ಳುತ್ತದೆ, ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟನ್ನು ಬಿಡಿಸುತ್ತದೆ. ಪೆಡಲ್ ಬಿಟ್ಟಾಗ ಇದೆಲ್ಲ ಪೂರ್ತಿ ಹಿಂದಕ್ಕೆ ಬರಬೇಕು. ಮಾಸ್ಟರ್ ಸಿಲಿಂಡರಿನ ಎಣ್ಣೆ ಮರಳುವ ಸಣ್ಣ ತೂತು ಕಟ್ಟಿಕೊಂಡಿದ್ದರೆ, ಬೂಸ್ಟರಿನ ಹವಾ ಸರಿಯಾಗಿ ಹೊರಗೆ ಹೋಗದಿದ್ದರೆ, ಪೆಡಲಿನ ಫ್ರೀ ಪ್ಲೇ ಸತ್ತಿದ್ದರೆ, ಚಾಲಕನ ಕಾಲು ಪೆಡಲಿನಿಂದ ಎಷ್ಟೇ ದೂರವಿದ್ದರೂ ಬೇರಿಂಗ್ ಒತ್ತುತ್ತಲೇ ಇರುತ್ತದೆ. ಅದೃಶ್ಯವಾದ ಇನ್ನೊಂದು ಕಾಲು ಪೆಡಲಿನ ಮೇಲಿದೆ ಎಂದೇ ತಿಳಿಯಿರಿ.

ಇದನ್ನು ಹಿಡಿಯುವುದು ಸುಲಭ. ಗಾಡಿ ಜಾರುತ್ತಿರುವ ಸ್ಥಿತಿಯಲ್ಲೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಗಾಲಿಗೆ ಕಲ್ಲು ಕೊಟ್ಟು, ಬೂಸ್ಟರಿನ ಏರ್ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಯಾರೂ ಪೆಡಲ್ ಮುಟ್ಟದಿದ್ದರೂ ಎಣ್ಣೆ ಚಿಮ್ಮಿ ಹೊರಬಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ನಿಪ್ಪಲ್ ಬಿಗಿದು, ಪೆಡಲ್ ಮುಟ್ಟದೆ, ಅದೇ ನಿಂತಲ್ಲಿಯ ಪರೀಕ್ಷೆ ಮಾಡಿ. ಈಗ ಕ್ಲಚ್ ಹಿಡಿದರೆ ದೋಷ ಮಾಸ್ಟರ್ ಸಿಲಿಂಡರಿನಲ್ಲೋ ಬೂಸ್ಟರಿನಲ್ಲೋ ಇದೆ, ಪ್ಲೇಟಿನಲ್ಲಿ ಅಲ್ಲ. ಬೂಸ್ಟರ್ ಕಿಟ್ ಬದಲಿಸುವ ಖರ್ಚಿಗೂ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕುವ ಖರ್ಚಿಗೂ ಅಜಗಜಾಂತರ. ಮುಖ್ಯವಾದ ಸಂಗತಿ ಇನ್ನೊಂದು. ಈ ಪರೀಕ್ಷೆಯನ್ನು ಗೇರ್‌ಬಾಕ್ಸ್ ಇಳಿಸುವ ಮೊದಲೇ ಮಾಡಬೇಕು. ಬೂಸ್ಟರ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಆ ಸಾಕ್ಷ್ಯ ಹೋಯಿತು.

ಎಣ್ಣೆಯ ಕಥೆ ಬೇರೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರಿದರೆ ಎಣ್ಣೆ ಹೌಸಿಂಗಿನೊಳಗೆ ಇಳಿದು ಪ್ಲೇಟಿಗೆ ಹತ್ತುತ್ತದೆ. ಹೌಸಿಂಗಿನ ತಳದ ತೂತಿನ ಹತ್ತಿರ ಒದ್ದೆ ಇದೆಯೇ ಎಂದು ಬೆರಳು ಹಾಕಿ ನೋಡಬೇಕು. ಬೆರಳಿಗೆ ಕಪ್ಪಗೆ ತೆಳ್ಳಗಿನ ಎಣ್ಣೆ ಹತ್ತಿದರೆ ಎಂಜಿನ್ನಿನದು. ದಪ್ಪಗೆ, ಗೇರ್ ಎಣ್ಣೆಯ ಖಾರ ವಾಸನೆ ಬಂದರೆ ಗೇರ್‌ಬಾಕ್ಸಿನದು. ಸೀಲಿನ ಬೆಲೆ ಕ್ಲಚ್ ಸೆಟ್ಟಿನ ಮುಂದೆ ಏನೂ ಅಲ್ಲ. ಆದರೆ ಸೀಲ್ ಬಿಟ್ಟು ಪ್ಲೇಟ್ ಮಾತ್ರ ಬದಲಿಸಿದರೆ ಹೊಸ ಪ್ಲೇಟೂ ಅದೇ ಎಣ್ಣೆ ಕುಡಿಯುತ್ತದೆ.

ಇಷ್ಟಾದ ಮೇಲೆ ಗೇರ್‌ಬಾಕ್ಸ್ ಇಳಿಸಿ. ಈಗ ಪ್ಲೇಟೇ ಮಾತಾಡುತ್ತದೆ, ಓದಲು ಬರಬೇಕಷ್ಟೆ. ಲೈನಿಂಗ್ ಸುತ್ತಲೂ ಸಮನಾಗಿ ಸವೆದು ರಿವೆಟ್ಟಿನ ತಲೆಗೆ ಬಂದಿದ್ದರೆ ಅದು ಅದರ ಆಯಸ್ಸು, ಯಾರ ತಪ್ಪೂ ಅಲ್ಲ. ಲೈನಿಂಗ್ ಇನ್ನೂ ದಪ್ಪ ಇದ್ದು, ಕಪ್ಪಗೆ ಮಿರಿಮಿರಿ ಮಿಂಚಿ, ಹಬ್ಬಿನಿಂದ ಹೊರಕ್ಕೆ ಗೆರೆಗೆರೆಯಾಗಿ ಎಣ್ಣೆ ಚಿಮ್ಮಿದ ಗುರುತಿದ್ದರೆ ಸೀಲ್. ಲೈನಿಂಗ್ ದಪ್ಪವಿದ್ದು ಇದ್ದಿಲಿನ ಹಾಗೆ ಪುಡಿಯಾಗುತ್ತಿದ್ದರೆ, ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳು ಎದ್ದಿದ್ದರೆ, ಶಾಖ. ಪ್ರೆಶರ್ ಪ್ಲೇಟಿನ ಬೆರಳುಗಳ ತುದಿಯಲ್ಲಿ ಆಳವಾದ ಗೀರು, ರಿಲೀಸ್ ಬೇರಿಂಗ್ ಒಣಗಿ ಕರಕರ ಎನ್ನುವುದು: ಬೇರಿಂಗ್ ಸದಾ ಒತ್ತಿಕೊಂಡೇ ತಿರುಗಿದೆ. ಇದನ್ನು ನೋಡಿದೊಡನೆ ‘ಹಾಫ್ ಕ್ಲಚ್’ ಎಂದು ತೀರ್ಪು ಕೊಡುವವರಿದ್ದಾರೆ. ಕಾಲಿಟ್ಟು ಓಡಿಸಿದರೂ ಇದೇ ಗುರುತು, ಸಿಕ್ಕಿಕೊಂಡ ಬೂಸ್ಟರೂ ಇದೇ ಗುರುತು ಬಿಡುತ್ತದೆ. ನಿಪ್ಪಲಿನ ಪರೀಕ್ಷೆ ಮೊದಲೇ ಮಾಡದಿದ್ದರೆ ಇವೆರಡನ್ನೂ ಬೇರ್ಪಡಿಸಲು ಆಗುವುದಿಲ್ಲ, ಚಾಲಕನನ್ನು ದೂರಲು ಆಧಾರವೂ ಇರುವುದಿಲ್ಲ. ಲೈನಿಂಗ್ ತುಂಡು ತುಂಡಾಗಿ ಸಿಡಿದು ಹೌಸಿಂಗಿನೊಳಗೆ ಚೆಲ್ಲಿದ್ದರೆ ಮಾತ್ರ ಬೇರೆ ದಿಕ್ಕಿಗೆ ನೋಡಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿಟ್ಟು ಕ್ಲಚ್ ಒತ್ತಿ ಗಾಡಿ ಬಿಟ್ಟರೆ ಗಾಲಿಗಳು ಪ್ಲೇಟನ್ನು ಎಂಜಿನ್ನಿಗಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗಿಸುತ್ತವೆ. ಅದು ಚಾಲನೆಯ ತಪ್ಪು, ಜೀವಕ್ಕೂ ಅಪಾಯ.

ಬರೀ ಪ್ಲೇಟ್ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವುದು ನಮ್ಮ ಗ್ಯಾರೇಜುಗಳ ದೊಡ್ಡ ದೋಷ. ನೀಲಿ ಕಲೆ ಎದ್ದ ಫ್ಲೈವೀಲಿನ ಆ ಜಾಗ ಗಟ್ಟಿಯಾಗಿ ಉಬ್ಬಿರುತ್ತದೆ. ಹೊಸ ಪ್ಲೇಟ್ ಆ ಉಬ್ಬುಗಳ ಮೇಲಷ್ಟೇ ಕೂರುತ್ತದೆ, ಪೂರ್ತಿ ಮುಖ ಹಿಡಿಯುವುದಿಲ್ಲ. ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಬೇಕು. ಬಿರುಕಿದ್ದರೆ ಫ್ಲೈವೀಲನ್ನೇ ಬದಲಿಸಬೇಕು. ಕಾದು ಸೋತ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಒತ್ತುವ ಬಲ ಮಾತ್ರ ಹೋಗಿರುತ್ತದೆ. ಹಳೆ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸಿ ಹಾಕುವುದು ಹಗುರ ಲೋಡಿನ ಗಾಡಿಗೆ ಹೇಗೋ ನಡೆದೀತು. ಕಲ್ಲಿನ ಗಾಡಿಗೆ ಬೇಡ.

ಗ್ಯಾರೇಜಿನ ಹುಡುಗರಿಗಾಗಿ ಒಂದು ಮಾತು ಹೇಳಲೇಬೇಕು. ಹೌಸಿಂಗ್ ಬಿಚ್ಚಿದೊಡನೆ ಒಳಗಿನ ಕಪ್ಪು ಪುಡಿಗೆ ಕಂಪ್ರೆಸರಿನ ಹವಾ ಹೊಡೆಯುವುದು ರೂಢಿ. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಬೆರೆಸುತ್ತಿದ್ದರು. ಅದರ ಎಳೆ ಶ್ವಾಸಕೋಶದಲ್ಲಿ ಕೂತರೆ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ಆಗಿ ಏಳಬಹುದು. ಅಗ್ಗದ, ಹೆಸರಿಲ್ಲದ ಲೈನಿಂಗಿನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ನೀರು ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಲಿ. ಕ್ವಾರಿಯ ಕಲ್ಲುಧೂಳನ್ನೂ ಕುಡಿಯುವ ಈ ಊರುಗಳಲ್ಲಿ ಇನ್ನೊಂದು ಧೂಳು ಬೇಡ.

‘ಆಟೋಮ್ಯಾಟಿಕ್ ಗಾಡಿ ಬಂದ್ರ ಈ ತಕರಾರ ಇರಂಗಿಲ್ಲ’ ಎಂದು ಈಗೀಗ ಮಾಲೀಕರು ಹೇಳುವುದು ಕೇಳಿಬರುತ್ತದೆ. ಯಾವ ಆಟೋಮ್ಯಾಟಿಕ್ ಎಂದು ನೋಡಬೇಕು. ಸರಕು ಲಾರಿಗಳಲ್ಲಿ ಬರುವುದು ಹೆಚ್ಚಾಗಿ ಎಎಂಟಿ. 1998ರಲ್ಲಿ ಹೊಸಕೋಟೆಯಲ್ಲಿ ಕಾರ್ಖಾನೆ ತೆರೆದ ವೋಲ್ವೊದ ಗಾಡಿಗಳಲ್ಲಿ ಬರುವ ಐ-ಶಿಫ್ಟ್ ಆ ಜಾತಿಯದು. ಒಳಗಿರುವುದು ಅದೇ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ಕ್ಲಚ್ಚನ್ನು ಕಾಲಿನ ಬದಲು ಕಂಪ್ಯೂಟರ್ ನಡೆಸುತ್ತದೆ. ಅದು ಚಟಕ್ಕೆ ಬಿದ್ದು ಕ್ಲಚ್ ಮೇಲೆ ಕಾಲಿಡುವುದಿಲ್ಲ ನಿಜ. ಆದರೆ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿಯನ್ನು ನಿಲ್ಲಿಸಿಕೊಂಡರೆ ಆ ಪ್ಲೇಟೂ ಸುಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕ್ಲಚ್ ಕಾದಿದೆ ಎಂಬ ಎಚ್ಚರಿಕೆ ಬರುತ್ತದೆ. ಎಣ್ಣೆ ಸೋರುವ ಸೀಲ್ ಅಲ್ಲೂ ಸೀಲೇ.

ನಿಜವಾದ ಆಟೋಮ್ಯಾಟಿಕ್ ನೋಡಬೇಕಾದರೆ ಗಣಿಗಳ ದೊಡ್ಡ ಡಂಪರುಗಳ ಹತ್ತಿರ ಹೋಗಬೇಕು. ಬಿಇಎಂಎಲ್ ತನ್ನ ಮೈಸೂರಿನ ಕಾರ್ಖಾನೆಯಲ್ಲಿ ಕಟ್ಟುವ ಡಂಪರುಗಳು, ಸಂಡೂರಿನ ದೋಣಿಮಲೈಯಂಥ ಕಬ್ಬಿಣದ ಅದಿರಿನ ಗಣಿಗಳಲ್ಲಿ ಓಡುವಂಥವು. ಅಲ್ಲಿ ಒಣ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್, ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಹಲವು ತೆಳು ಪ್ಲೇಟುಗಳ ಕಟ್ಟು. ಗಾಡಿ ಎಬ್ಬಿಸುವಾಗ ಕನ್ವರ್ಟರಿನಲ್ಲಿ ಎಂಜಿನ್ ಮುಂದೆ ಓಡಿ ಗಾಡಿ ಹಿಂದೆ ಬರುವುದು ಅದರ ಸಹಜ ನಡೆ, ಅದನ್ನು ದೋಷವೆಂದು ತಿಳಿಯಬಾರದು. ವೇಗ ಹಿಡಿದ ಮೇಲೆ ಲಾಕ್-ಅಪ್ ಕ್ಲಚ್ ಎರಡನ್ನೂ ಬಿಗಿದು ಒಂದು ಮಾಡುತ್ತದೆ. ಆಮೇಲೂ ಮುಳ್ಳು ಏರಿ ಗಾಡಿ ಏರದಿದ್ದರೆ ಜಾರಾಟ.

ಅಲ್ಲಿಯ ತಪಾಸಣೆ ಶುರುವಾಗುವುದು ಎಣ್ಣೆಯಿಂದ. ಮಟ್ಟವನ್ನು ತಣ್ಣಗಿದ್ದಾಗ ನೋಡಿ ಸುಮ್ಮನಾಗದೆ, ಗಾಡಿ ಓಡಿ ಎಣ್ಣೆ ಬಿಸಿಯಾದಾಗಲೂ ಕೈಪಿಡಿಯಲ್ಲಿ ಹೇಳಿದಂತೆ ನೋಡಬೇಕು. ಮಟ್ಟ ಕಡಿಮೆಯಾದರೆ ಪಂಪು ಏರಿನಲ್ಲಿ ಗಾಳಿ ಹೀರುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟುಗಳು ಜಾರುತ್ತವೆ. ಹೆಚ್ಚಾದರೂ ಎಣ್ಣೆ ನೊರೆಯಾಗಿ ಅದೇ ಪಾಡು. ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿದರೆ ಅರ್ಧ ರೋಗ ತಿಳಿಯುತ್ತದೆ. ಕಂದು ಬಣ್ಣ, ಸುಟ್ಟ ವಾಸನೆ, ಕಪ್ಪು ಕಣ ಇದ್ದರೆ ಪ್ಲೇಟುಗಳು ಸುಟ್ಟಿವೆ. ಹಾಲಿನ ಹಾಗೆ ಬೆಳ್ಳಗಿದ್ದರೆ ಕೂಲರಿನಿಂದ ನೀರು ಬೆರೆತಿದೆ. ಆಮೇಲೆ ಫಿಲ್ಟರ್, ಆಮೇಲೆ ಗೇಜು ಹಾಕಿ ಪ್ರತಿ ಗೇರಿನ ಎಣ್ಣೆಯ ಒತ್ತಡ. ಎಲ್ಲ ಗೇರಿನಲ್ಲೂ ಜಾರಿದರೆ ಪಂಪು, ಫಿಲ್ಟರ್, ಎಣ್ಣೆ, ಕನ್ವರ್ಟರುಗಳ ಕಡೆ ನೋಡಬೇಕು. ಒಂದೆರಡು ಗೇರಿನಲ್ಲಷ್ಟೇ ಜಾರಿದರೆ ಆ ಗೇರು ಬಳಸುವ ಪ್ಲೇಟುಗಳ ಕಟ್ಟು ಅಥವಾ ಅದಕ್ಕೆ ಎಣ್ಣೆ ಬಿಡುವ ವಾಲ್ವ್. ಸ್ಕ್ಯಾನರ್ ಹಚ್ಚಿದರೆ ಒಳಗೆ ಬರುವ ವೇಗ, ಹೊರಗೆ ಹೋಗುವ ವೇಗ ಎರಡೂ ಕಾಣುತ್ತವೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ನಮ್ಮ ಚಾಲಕ ಬರೆದಿಟ್ಟುಕೊಂಡ ಲೆಕ್ಕವನ್ನೇ ಆ ಕಂಪ್ಯೂಟರ್ ಸದಾ ಮಾಡುತ್ತ, ಹೊಂದದಿದ್ದಾಗ ದೋಷದ ಸಂಕೇತ ಬರೆದಿಡುತ್ತದೆ. ಎಣ್ಣೆ 120 ಡಿಗ್ರಿ ದಾಟುವ ಹಾಗೆ ಓಡಿಸಿದರೆ ಯಾವ ಕಂಪನಿಯ ಎಣ್ಣೆಯೂ ಉಳಿಯದು.

ಮತ್ತೆ ನಮ್ಮ ಕ್ವಾರಿಗೆ ಬರೋಣ. ಭಾರದ ಲೆಕ್ಕ ಇಲ್ಲಿ ಯಾರಿಗೂ ಗುಟ್ಟಲ್ಲ. ಗ್ರಾನೈಟಿನ ತೂಕ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಮೂರು ಮೀಟರ್ ಉದ್ದ, 1.8 ಮೀಟರ್ ಅಗಲ, 1.7 ಮೀಟರ್ ಎತ್ತರದ ಬ್ಲಾಕ್ ಅಂದರೆ 9.18 ಘನ ಮೀಟರ್, ಹತ್ತಿರ ಹತ್ತಿರ 25 ಟನ್. ಟೇಪು ಹಿಡಿದವರು ಅಳತೆ ಬರೆದುಕೊಳ್ಳುವಾಗಲೇ ತೂಕವೂ ಗೊತ್ತಾಗಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಮೂರು ಆಕ್ಸಲಿನ ಹತ್ತು ಗಾಲಿಯ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು, ದೊಡ್ಡ ಟ್ರೇಲರುಗಳ ಮಿತಿ 49ರಿಂದ 55ಕ್ಕೆ. ಖಾಲಿ ಟ್ರೇಲರ್ ಗಾಡಿ 16 ಟನ್ ತೂಗಿದರೆ ಉಳಿಯುವುದು 39 ಟನ್. ಮೇಲೆ ಹೇಳಿದಂಥ ಎರಡು ಬ್ಲಾಕ್ ಹೇರಿದರೆ ಮಿತಿ ಹತ್ತು ಟನ್ನಿಗಿಂತ ಹೆಚ್ಚು ಮೀರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಅತಿಭಾರಕ್ಕೆ 20 ಸಾವಿರ ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ಇನ್ನೂ 2 ಸಾವಿರ, ಹೆಚ್ಚಿನ ಸರಕನ್ನು ಇಳಿಸುವ ಖರ್ಚು ಬೇರೆ. ಲೋಡ್ ಎಷ್ಟು ಹೇರಬೇಕು ಎಂದು ತೀರ್ಮಾನಿಸುವವನು ಚಾಲಕನಲ್ಲ. ‘ಇಷ್ಟ ಹೇರಬ್ಯಾಡ್ರಿ ಸಾಹುಕಾರ್ರ’ ಎಂದವನಿಗೆ ಮರುದಿನ ಗಾಡಿ ಸಿಗದೇ ಹೋಗಬಹುದು. ಸುಟ್ಟ ಪ್ಲೇಟಿನ ಲೆಕ್ಕ ಬರೆಯುವಾಗ ಕಾಟಾ ಚೀಟಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಪಗಾರು ಮುರಿಯುವ ಬಗ್ಗೆ ಕಾನೂನೂ ಸುಮ್ಮನಿಲ್ಲ. 1936ರ ವೇತನ ಪಾವತಿ ಕಾಯ್ದೆಯ 10ನೇ ಕಲಂ ಹೇಳಿದ್ದು ಸ್ಪಷ್ಟವಾಗಿತ್ತು: ಕೆಲಸಗಾರನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ನೇರವಾಗಿ ಆದ ನಷ್ಟಕ್ಕೆ ಮಾತ್ರ ಕಡಿತ ಮಾಡಬಹುದು, ಆ ಕಡಿತ ನಷ್ಟದ ಮೊತ್ತವನ್ನು ಮೀರಬಾರದು, ಮುರಿಯುವ ಮೊದಲು ತನ್ನ ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಲೇಬೇಕು. ಅದರ ಜಾಗಕ್ಕೆ 2025ರಲ್ಲಿ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಕಾರಣ ಹೇಳಿಕೊಳ್ಳುವ ಅವಕಾಶ ಎಂದರೆ ಗ್ಯಾರೇಜಿನ ಭಾಷೆಯಲ್ಲಿ ಏನು? ಮುಳ್ಳಿನ ಲೆಕ್ಕ, ನಿಪ್ಪಲಿನ ಪರೀಕ್ಷೆ, ಸೀಲಿನ ಹತ್ತಿರ ಹಾಕಿದ ಬೆರಳು. ಇವು ಮೂರೂ ನಡೆಯದೆ ‘ಕಾಲಿಟ್ಟು ಓಡಿಸ್ಯಾನ’ ಎಂದು ಮುರಿದ ದುಡ್ಡು ನ್ಯಾಯದ ದುಡ್ಡಲ್ಲ.

ತಪ್ಪು ಮಾಡುವ ಚಾಲಕರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೇಲಿನ ಗೇರಿನಲ್ಲಿ ಗಾಡಿ ಎಬ್ಬಿಸುವವರಿದ್ದಾರೆ, ಟೋಲ್ ಸಾಲಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸುವವರಿದ್ದಾರೆ. ಅವರಿಗೆ ಕಲಿಸಬೇಕು. ಬೈದರೆ ಅವರು ಕಲಿಯುವುದಿಲ್ಲ. ಸುಟ್ಟ ಪ್ಲೇಟನ್ನು ಕೈಗೆ ಕೊಟ್ಟು, ನೀಲಿ ಕಲೆ ತೋರಿಸಿ, ಇದು ಹೀಗಾಗಿದ್ದು ಹೀಗೆ ಎಂದು ಹೇಳಿದರೆ ಕಲಿಯುತ್ತಾರೆ. ಕ್ಲೀನರ್ ಹುಡುಗ ಪಕ್ಕದಲ್ಲಿ ನಿಂತಿದ್ದರೆ ಅವನೂ ಕಲಿಯುತ್ತಾನೆ.

ಮಾಲೀಕರಲ್ಲಿ ಕೇಳಿಕೊಳ್ಳುವುದಿಷ್ಟು. ಮುಂದಿನ ಸಲ ಗಾಡಿ ಜಗ್ಗದೆ ಗ್ಯಾರೇಜಿಗೆ ಬಂದಾಗ, ಗೇರ್‌ಬಾಕ್ಸಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಬೂಸ್ಟರಿನ ನಿಪ್ಪಲ್ ಸಡಿಲಿಸಿ ನೋಡಲು ಮೇಸ್ತ್ರಿಗೆ ಹೇಳಿ. ಗೇರ್‌ಬಾಕ್ಸ್ ಇಳಿಸುವ ದಿನ ಚಾಲಕನನ್ನೂ ಕರೆಸಿ, ತೆಗೆದ ಪ್ಲೇಟನ್ನು ಅವನ ಎದುರಿಗೇ ನೋಡಿ.